ಅವ್ವ ಬ್ಯಾಂಕಾಕ್‌ನ್ಯಾಗ ಮಗ್ಗ ನೋಡಿ ಬಂದ್ಳು

ಬ್ಯಾಂಕಾಕಿಂದ ಬಂದು ಹದಿನೈದ ದಿನ ಆತು. ಓಣ್ಯಾಗ ಯಾರ ಸಿಕ್ರೂ ಒಂದ ಕೇಳ್ತಾರ, ಏನೇನ್ ನೋಡ್ಕೊಂಡ್ ಬಂದ್ರಿ ಅಂತ. ನಾನು ಬುದ್ಧ, ಹೊಳಿ, ರೈಲು ಅಂತ ಸುರು ಮಾಡೂದ್ರಾಗ ಅವ್ವ ನಡಕ ಬಾಯಿ ಹಾಕಿ "ಮಗ್ಗ ನೋಡಿ ಬಂದೀವ್ರಿ" ಅಂತಾಳ. ಇಳಕಲ್‌ನ್ಯಾಗ ಹುಟ್ಟಿ, ಇಳಕಲ್‌ನ್ಯಾಗ ಮದುವಿ ಆಗಿ, ಸಣ್ಣಾಕಿ ಇದ್ದಾಗಿಂದ ಲಾಳ್ಯಾಗ ಇಡೂ ನೂಲಿನ ಕಂಡಿಕಿ ಸುತ್ತಿ, ಮುಂದ ನಲವತ್ತ ವರ್ಷ ಸೀರಿ ಮೈಗೆ ಸೆರಗ ಕೂಡ್ಸೂ ಕೊಂಡಿ ಹಾಕಿದಾಕಿ, ವಿಮಾನ ಹತ್ತಿ ಹೋಗಿ ಮಗ್ಗ ನೋಡಿ ಬಂದೆ ಅಂದ್ರ ಕೇಳ್ದವ್ರಿಗೆ ತಿಳಿಯೂದಿಲ್ಲ. ಅದಕ್ಕ ಇಷ್ಟುದ್ದ ಬರಿಯಾಕತ್ತೀನಿ.

ನನಗ ಸಿಕ್ಕ ರಜಾನ ಕಡಿಮಿ. ರಾತ್ರಿ ಬಸ್ಸಿಗೆ ಬೆಂಗಳೂರು, ಅಲ್ಲಿಂದ ಸುಮಾರು ನಾಲ್ಕ ತಾಸ ವಿಮಾನ, ಅವ್ರ ಗಡಿಯಾರ ನಮ್ಮದಕ್ಕಿಂತ ಒಂದೂವರಿ ತಾಸ ಮುಂದ. ಎಲ್ಲಾ ಕಳದು ಕೈಗೆ ಉಳದದ್ದು ಎರಡ ರಾತ್ರಿ, ಎರಡ ದಿನಾನೂ ಪೂರಾ ಇಲ್ಲ. ನಾನು ಫೋನಿನ್ಯಾಗ ಹದಿನಾಲ್ಕ ಜಾಗಾ ಬರ್ಕೊಂಡಿದ್ದೆ, ಯಾವುದಕ್ಕ ಎಷ್ಟ ತಾಸು ಅಂತ ಸುದ್ಧಾ. ಅವ್ವ ಚೀಲದಾಗ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಒಂದ ಡಬ್ಬಿ ಮಾದಲಿ ಇಟ್ಕೊಂಡಿದ್ಳು.

ಇಳಿದದ್ದು ಸುವರ್ಣಭೂಮಿ ಏರ್ಪೋರ್ಟ್. ಹೆಸರ ಕೇಳಿ ಅವ್ವಗ ಭಾಳ ಖುಷಿ ಆತು, ಇದು ನಮ್ಮ ಮಾತ ಅಲ್ಲೇನೋ ಅಂದ್ಳು. ಆ ಊರಿನ ಪೂರಾ ಹೆಸರೂ ಹಂಗ ಐತಿ, ಅವ್ರು ದಿನಾ ಅನ್ನೂದು ಕ್ರುಂಗ್ ಥೇಪ್ ಅಂತ, ಉದ್ದಂದು ಹೇಳಾಕ ಹತ್ತಿದ್ರ ಅದ್ರಾಗ ಮಹಾನಗರ, ಅಮರ, ರತ್ನ, ರಾಜಧಾನಿ, ಇಂದ್ರ, ಕಡೀಕ ವಿಶ್ವಕರ್ಮನೂ ಬರ್ತಾನ, ಅವ್ರ ಬಾಯಾಗ ಉಚ್ಚಾರ ಬ್ಯಾರೆ ಅಷ್ಟ. 1782ರಾಗ ಒಂದನೇ ರಾಮ ಅನ್ನೂ ರಾಜಾ ಅದನ್ನ ರಾಜಧಾನಿ ಮಾಡಿದ್ದು. ಏರ್ಪೋರ್ಟಿಂದ ಫಯಾ ಥಾಯ್ ತನಕ ರೈಲ್ ಐತಿ, ಅವ್ರ ರೊಕ್ಕದಾಗ 45 ಬಾತ್, ಅರ್ಧ ತಾಸು. ಕಡಿಮಿ ದಿನಕ್ಕ ಹೋಗಾವ್ರು ಆ ಸ್ಟೇಷನ್ ಸುತ್ತಮುತ್ತನ ರೂಮ್ ಮಾಡ್ರಿ. ಟ್ಯಾಕ್ಸಿಯೊಳಗ ಕುಂತು ಟ್ರಾಫಿಕ್ ನೋಡೂದಕ್ಕ ಅಷ್ಟ ದೂರ ಹೋಗಬೇಕಾಗಿಲ್ಲ.

ಮೊದಲನೇ ದಿನ ಸಂಜಿಮುಂದ ವಾಟ್ ಫೋ ಅನ್ನೂ ಬುದ್ಧನ ಗುಡಿ ಒಂದ ನೋಡಿದ್ವಿ. ಮಲಗಿದ ಬುದ್ಧ, 46 ಮೀಟರ್ ಉದ್ದ, 15 ಮೀಟರ್ ಎತ್ತರ, ಮೈಯೆಲ್ಲಾ ಬಂಗಾರದ ಬಣ್ಣ. ಎಲ್ರೂ ಮಕದ ಕಡೆ ನಿಂತು ಫೋಟೋ ತಗಿಯಾಕತ್ತಿದ್ರ ಅವ್ವ ಹೋಗಿ ಪಾದದ ಕಡೆ ನಿಂತ್ಳು. ಅಂಗಾಲಿನ್ಯಾಗ ಮುತ್ತಿನ ಚಿಪ್ಪ ಕೂಡ್ಸಿ 108 ಚಿತ್ರ ಮಾಡ್ಯಾರ, ಒಂದೊಂದು ಒಂದೊಂದ ಚೌಕದಾಗ. ಹಿಂದಿನ ಗ್ವಾಡಿಗುಂಟ 108 ಕಂಚಿನ ಬಟ್ಟಲಾ ಇಟ್ಟಿರ್ತಾರ, ಚಿಲ್ಲರೆ ತಗೊಂಡು ಒಂದೊಂದಕ್ಕ ಒಂದೊಂದ ಹಾಕ್ಕೋತ ಹೋಗೂದು. ಅವ್ವ ಒಂದೂ ಬಿಡದಂಗ ಹಾಕಿದ್ಳು. ಆ ಟಣ್ ಟಣ್ ಸಪ್ಪಳ ಇನ್ನೂ ನನ್ನ ಕಿವ್ಯಾಗ ಐತಿ. ಅಲ್ಲೆ ಭುಜ, ಮೊಣಕಾಲ ಮುಚ್ಚಿರಬೇಕು, ಚಡ್ಡಿ ಹಾಕ್ಕೊಂಡ್ ಬಂದವ್ರೆಲ್ಲಾ ಸುತ್ಕೊಳ್ಳಾಕ ಬಟ್ಟಿ ಹುಡುಕಾಕತ್ತಿದ್ರು.

ಎರಡನೇ ದಿನ ಮುಂಜಾನಿ ಜಿಮ್ ಥಾಮ್ಸನ್ ಮನಿ. ಇದನ್ನ ಪಟ್ಟಿಯೊಳಗ ಹಾಕಿದ್ದು ಅವ್ವನ ಸಲುವಾಗಿನ, ರೇಷ್ಮಿ ಸಂಬಂಧ ಐತಿ ಅಂತ, ಒಂದ ತಾಸ ಇಟ್ಟಿದ್ದೆ. ಈ ಥಾಮ್ಸನ್ ಅಮೆರಿಕದಾವ, ಎರಡನೇ ಮಹಾಯುದ್ಧದ ಕಡೀಕ ಬಂದು ಅಲ್ಲೇ ನಿಂತಾವ. ಥಾಯ್ ರೇಷ್ಮಿ ನೇಕಾರ್ಕಿ ಮುಳಗೂ ಹೊತ್ತಿಗೆ ಅದನ್ನ ಹೊರಗಿನ ದೇಶಕ್ಕ ಮಾರಿ ಹೆಸರ ತಂದಾವ. ಆರ ಹಳೇ ತೇಗದ ಮನಿ ಬಿಚ್ಚಿ ತಂದು ಕೂಡ್ಸಿ 1959ರಾಗ ಈ ಮನಿ ಕಟ್ಟಿದ. 1967ರಾಗ ಮಲೇಷ್ಯಾದ ಕ್ಯಾಮರೂನ್ ಹೈಲ್ಯಾಂಡ್ಸ್‌ನ್ಯಾಗ ಅಡ್ಡಾಡಾಕ ಹೋದಾವ ವಾಪಸ್ ಬರಲೇ ಇಲ್ಲ, ಇವತ್ತಿಗೂ ಪತ್ತೆ ಇಲ್ಲ. ಮನಿ ಛಲೋ ಐತಿ. ಅಂಗಳದಾಗ ಗೂಡ ಕುದಿಸಿ ನೂಲ ತೆಗಿಯೂದು ತೋರಿಸ್ತಾರ, ಹಳದಿ ಗೂಡು. ಆದ್ರ ತೋರಿಸಾಕಿ ಹುಡುಗಿ ಮಾತಿನ್ಯಾಗ ಮಾತು, ಥಾಮ್ಸನ್‌ಗೆ ನೆಯ್ದು ಕೊಡ್ತಿದ್ದ ಮಂದಿ ಈ ಕಾಲುವಿ ಆಚಿಕಡೆನ ಇದ್ರು, ಬಾನ್ ಖ್ರುವಾ ಅನ್ನೂ ಓಣಿ, ಕೆಲವ್ರು ಈಗೂ ನೇಯ್ತಾರ ಅಂದ್ಳು. ನಾನು ಅದನ್ನ ಕನ್ನಡದಾಗ ಹೇಳೂದ ತಡ, ಅವ್ವ ಚಪ್ಪಲಿ ಮೆಟ್ಟಾಕ ಸುರು ಮಾಡಿದ್ಳು. "ಆಚಿಕಡೆ ಐತಂತ. ನಡಿ."

ಸಣ್ಣ ಸೇತುವಿ ದಾಟಿದ್ರ ಆತು. ಇಬ್ರ ಎದರಾ ಬದರ ಬಂದ್ರ ಒಬ್ರ ಸರಕೊಂಡ್ ನಿಲ್ಲಬೇಕು, ಅಂಥಾ ಸಂದಿ. ಅಲ್ಲಿಯವ್ರು ಚಾಮ್ ಅನ್ನೂ ಜನಾಂಗದ ಮುಸಲ್ಮಾನರು, ಅವ್ರ ಹಿರ್ಯಾರು ಕಾಂಬೋಡಿಯಾ ಕಡಿಂದ ಬಂದು ರಾಜನ ಕಡೆ ಯುದ್ಧ ಮಾಡಿದ್ದಕ್ಕ ಆ ಜಾಗಾ ಕೊಟ್ಟಿದ್ರಂತ. ಸಂದ್ಯಾಗ ನಾಲ್ಕ ಹೆಜ್ಜಿ ಇಟ್ಟಿರಬೇಕು, ಅವ್ವ ನಿಂತ್ಳು. "ಲಾಳಿ ಓಡಾಕತ್ತೇತಿ ಕೇಳು" ಅಂದ್ಳು. ನನಗ ಇನ್ನೂ ಕೇಳ್ಸಿದ್ದಿಲ್ಲ.

ಒಂದ ತಗಡಿನ ಮನಿ ಮುಂದ ಬಣ್ಣ ಹಾಕಿದ ನೂಲಿನ ಲಡಿ ಒಣ ಹಾಕಿದ್ರು, ಒಳಗ ಮಗ್ಗದ ಮ್ಯಾಲೆ ಒಬ್ಬಾಕಿ ಕುಂತಿದ್ಳು, ಅವ್ವನ ವಾರಿಗ್ಯಾಕಿ, ತಲಿಗೆ ಬಟ್ಟಿ. ಅವ್ವ ಬಾಗಲದಾಗ ನಿಂತು ಇಳಕಲ್‌ನ್ಯಾಗ ನಮ್ಮ ಮಗ್ಗಲ ಮನಿಯವ್ರಿಗೆ ಹೇಳಿದಂಗನ "ಸಲಾಮ್ರಿ ಅಕ್ಕಾರ" ಅಂದ್ಳು. ಆಕಿಗೆ ತಿಳದದ್ದು ಮೊದಲನೇ ಮಾತ ಒಂದ. ಅದಕ್ಕ ನಕ್ಕು, ಸಲಾಮ್ ಹೇಳಿ, ಲಾಳಿ ನಿಲ್ಲಿಸಿ ಒಳಗ ಕರದ್ಳು. ಆಕಿ ಮೊಮ್ಮಗ, ಕಾಲೇಜ್ ಹುಡುಗ, ಇಂಗ್ಲಿಷ್ ಬಲ್ಲಾವ. ಆಮ್ಯಾಲಿನ ಎರಡೂವರಿ ತಾಸು ಅವ್ವ ಕನ್ನಡದಾಗ ಕೇಳೂದು, ನಾನು ಇಂಗ್ಲಿಷ್‌ನ್ಯಾಗ, ಅಂವಾ ಥಾಯ್‌ನ್ಯಾಗ, ತಿರುಗಿ ಅದ ದಾರಿಲೆ ಉತ್ತರ ಬರೂದು. ಅರ್ಧ ಮಾತಿಗೆ ನಾವಿಬ್ರೂ ಬೇಕ ಆಗಲಿಲ್ಲ.

ಅವ್ವ ಮೊದಲ ನೋಡಿದ್ದು ಕೆಳಗ. ನಮ್ಮದು ಕುಣಿಮಗ್ಗ, ಕಾಲ ಕುಣ್ಯಾಗ ಇಳಿಬಿಟ್ಟು ಕುಂಡ್ರೂದು. ಆಕಿದು ಕಟ್ಟಿಗಿ ಚೌಕಟ್ಟಿನ ಮ್ಯಾಲೆ, ಹಲಿಗಿ ಮ್ಯಾಲೆ ಕುಂಡ್ರೂದು. ಯಾಕ ಅಂತ ನಾ ಕೇಳೂದ್ರಾಗ ಅವ್ವನ ಅಂದ್ಳು, "ಕಾಲುವಿ ದಂಡಿಗೆ ಕುಣಿ ತೋಡಿದ್ರ ನೀರ ಬರ್ತಾವಲ್ಲೋ." ಉದ್ದಕ ಹಾಕೂ ಎಳಿ, ಅಂದ್ರ ಹಾಸು, ನೀಲಿ, ಅಡ್ಡ ಹಾಯೂ ಎಳಿ, ಅಂದ್ರ ಹೊಕ್ಕು, ಹಸರು, ಬಟ್ಟಿ ಅತ್ಲಾಗ ಹಿಡದ್ರ ಒಂದ ಬಣ್ಣ, ಇತ್ಲಾಗ ಹಿಡದ್ರ ಇನ್ನೊಂದು, ನವಿಲಿನ ಕುತ್ತಿಗಿ ಹಂಗ. ಅವ್ವ ಹೊಕ್ಕಿನ ಎಳಿ ಬೆರಳಾಗ ಹಿಡದು ತಿಕ್ಕಿ ನೋಡಿ, ಇದು ಕೈಲೆ ತೆಗದ ನೂಲು, ಅದಕ್ಕ ಅಲ್ಲಲ್ಲೆ ದಪ್ಪ ಐತಿ ಅಂದ್ಳು. ಹುಡುಗ ಹೌದಂದ.

ಆಮ್ಯಾಲೆ ಆ ಅಜ್ಜಿ ಅವ್ವನ ಸೆರಗ ಹಿಡದ್ಳು. ಅವ್ವ ಉಟ್ಟಿದ್ದು ಚಿಕ್ಕಿ ಪರಾಸ ಅನ್ನೂ ದಡಿ ಇದ್ದ ಇಳಕಲ್ ಸೀರಿ, ಕೆಂಪ ಸೆರಗು, ಅದ್ರಾಗ ಬಿಳಿ ತೆನಿ. ಇದೇನ್ ಚಿತ್ರ ಅಂತ ಕೇಳಿದ್ಳು. ಜ್ವಾಳದ ತೆನಿ ಅಂದ್ಳು ಅವ್ವ, ಚೀಲದಾಗಿನ ರೊಟ್ಟಿ ತಗದು ತೋರ್ಸಿ, ಇದ ಜ್ವಾಳ ಅಂತ. ರೊಟ್ಟಿ ಮುರದು ಚಟ್ನಿ ಹಚ್ಚಿ ಕೊಟ್ಟೂ ಬಿಟ್ಳು. ಅಜ್ಜಿ ಒಂದ ಕೈಯಾಗ ರೊಟ್ಟಿ ಹಿಡದು, ಇನ್ನೊಂದ ಕೈಲೆ ಸೆರಗು ಮೈಗೆ ಕೂಡೂ ಜಾಗಾ ಹುಡುಕಿ ಅಲ್ಲೆ ಉಗುರ ಆಡ್ಸಿದ್ಳು. ಒಂದ ಸಲ, ಎರಡ ಸಲ. ಬಟ್ಟಿ ತಿರುವಿ ನೋಡಿದ್ಳು. ಇಲ್ಲೆ ಹಾಸು ಬದಲಾಗೇತಿ, ಗಂಟ ಎಲ್ಲೆ ಅಂತ ಕೇಳಿದ್ಳು.

ಇಳಕಲ್ ಸೀರಿ ಉಟ್ಟವ್ರಿಗೂ ಭಾಳ ಮಂದಿಗೆ ಇದು ಗೊತ್ತಿಲ್ಲ. ನಮ್ಮಲ್ಲಿ ಗಂಟ ಹಾಕೂದಿಲ್ಲ. ಮೈ ಹಾಸಿನ ತುದಿ ಮಡಚಿ ಕುಣಿಕಿ ಆಗಿರ್ತೈತಿ, ಸೆರಗಿನ ರೇಷ್ಮಿ ಹಾಸಿಂದೂ ಹಂಗ. ಒಂದ ಕುಣಿಕ್ಯಾಗ ಇನ್ನೊಂದ ಸಿಗಿಸಿ ಸಿಗಿಸಿ ಎಳಿಗೆ ಎಳಿ ಕೂಡಿಸ್ಕೋತ ಹೋಗೂದು, ಸಾವಿರಾರು. ಅದ ಕೊಂಡಿ. ಮನಿ ಹೆಣಮಕ್ಕಳ ಕೆಲಸ. ಹಿಂಗಾಗಿ ನಮ್ಮ ಹಾಸು ಒಂದ ಸೀರಿಗೆ ಒಂದ, ಉದ್ದಕ ಹಾಕ್ಕೊಂಡ್ ನೆಯ್ಯಾಕ ಬರೂದಿಲ್ಲ. ಅವ್ವ ಆಕಿ ನೂಲಿನ್ಯಾಗನ ಎರಡ ಎಳಿ ತಗೊಂಡು, ಕಾಲ ಹೆಬ್ಬೆರಳಿಗೆ ಒಂದ ಕುಣಿಕಿ ಹಾಕಿ, ಕೈಯಾಗ ಇನ್ನೊಂದ ಹಿಡದು ಸಿಗಿಸಿ ತೋರ್ಸಿದ್ಳು. ಅಜ್ಜಿ ಮಾಡಿ ನೋಡಿದ್ಳು, ಜಾರಿತು. ಮತ್ತ ಮಾಡಿದ್ಳು. ಮೂರನೇದಕ್ಕ ಬಿತ್ತು. ಆಕಿ ಏನೋ ಅಂದ್ಳು, ಹುಡುಗ ಸ್ವಲ್ಪ ಹೊತ್ತ ಸುಮ್ನಿದ್ದು ಹೇಳಿದ: "ಪ್ರತಿ ಸೀರಿಗೂ ಹಿಂಗ ಕುಂಡ್ರತೀರೇನು, ಒಂದ ಒಂದಕ್ಕೂ?" ಹೂಂ ಅಂದ್ಳು ಅವ್ವ. ಆಕಿ ಅವ್ವನ ಕೈ ತಿರುವಿ ಬೆರಳ ತುದಿ ನೋಡಿದ್ಳು, ತನ್ನ ಬೆರಳೂ ತೋರ್ಸಿದ್ಳು. ಇಬ್ರದೂ ಅದ ಜಾಗಾದಾಗ ಗಟ್ಟಿ ಆಗೇತಿ.

ಮೊದಲ ಈ ಸಂದಿ ತುಂಬ ಮಗ್ಗ ಇದ್ವು, ಈಗ ಬೆರಳ ಮ್ಯಾಲೆ ಎಣಿಸಬಹುದು ಅಂದ್ಳು ಅಜ್ಜಿ. ಅವ್ವ ನಮ್ಮಲ್ಲೂ ಪವರ್‌ಲೂಮ್ ಸೀರಿ ಬಂದು ಕೊಂಡಿ ಹಾಕಾವ್ರು ಸಿಗವೊಲ್ರು ಅಂದ್ಳು. "ನಿನ್ನ ಮೊಮ್ಮಗ ಕಲ್ತಾನೇನು?" ಅಂತ ಅವ್ವ ಕೇಳಿದ್ದನ್ನ ನಾನ ಆ ಹುಡುಗಗ ಹೇಳಬೇಕಾತು. ಅಂವಾ ಅಜ್ಜಿಗೆ ಹೇಳಲಿಲ್ಲ, ತಾನ ಉತ್ತರ ಕೊಟ್ಟ, ಬಣ್ಣ ಹಾಕೂದಷ್ಟ ಬರ್ತೈತಿ ಅಂತ. ಅವ್ವ ನನ್ನ ಕಡೆ ನೋಡಿದ್ಳು. ನನಗ ಕಂಡಿಕಿ ಸುತ್ತೂದಷ್ಟ ಬರ್ತೈತಿ.

ಗ್ರ್ಯಾಂಡ್ ಪ್ಯಾಲೇಸ್ ಆಗಲಿಲ್ಲ, ಚೈನಾಟೌನ್ ಆಗಲಿಲ್ಲ, ಮಾಲ್ ಅಂತೂ ಬಿಟ್ಟ ಬಿಡ್ರಿ. ಮಧ್ಯಾಹ್ನ ಸೇನ್ ಸೇಪ್ ಕಾಲುವಿ ಬೋಟ್ ಹತ್ತಿದ್ವಿ, ಇದನ್ನ ಮಾತ್ರ ಯಾರೂ ಬಿಡಬ್ಯಾಡ್ರಿ. ದಡಕ್ಕ ಹತ್ತಿ ನಿಲ್ಲೂದ ಎರಡ ಗಳಿಗಿ, ಹಗ್ಗ ಹಿಡದು ಪಟಕ್ಕನ ಹತ್ತಬೇಕು, ನೀರ ಸಿಡಿತಂದ್ರ ಮಗ್ಗಲದ ಪ್ಲಾಸ್ಟಿಕ್ ಪರದಾ ಎಳಿಬೇಕು. ಟಿಕೆಟ್ ಕೊಡಾವ್ರು ಹೆಲ್ಮೆಟ್ ಹಾಕ್ಕೊಂಡು ಬೋಟಿನ ಹೊರಗಿನ ಅಂಚಿನ ಮ್ಯಾಲೆ ನಡಕೋತ ಬರ್ತಾರ. ಊಟಕ್ಕ, ನಮ್ಮಂಗ ಸಸ್ಯಾಹಾರಿ ಇದ್ದವ್ರು "ಜೇ" ಅನ್ನೂ ಮಾತ ನೆನಪಿಡ್ರಿ. ಹಳದಿ ಬಟ್ಟಿ ಮ್ಯಾಲೆ ಕೆಂಪ ಅಕ್ಷರ, ದೂರಿಂದ 17 ಬರದಂಗ ಕಾಣ್ತೈತಿ. ಆ ಗುರ್ತ ಇಲ್ಲದ ಕಡೆ ಕಾಯಿಪಲ್ಲ್ಯಾಗೂ ಮೀನಿನ ಸಾಸ್ ಇರ್ತೈತಿ. ಮಾವಿನಹಣ್ಣು, ತೆಂಗಿನಹಾಲು, ಅಂಟ ಅಕ್ಕಿ ಅನ್ನ ಅವ್ವಗ ಭಾಳ ಸೇರ್ತು.

ಇನ್ನ ಮೂರನೇ ದಿನದ್ದು, ನೆನಸಿದ್ರ ಇವತ್ತಿಗೂ ಹೊಟ್ಟಿ ಉರಿತೈತಿ. ಬ್ಯಾಂಕಾಕಿಗೆ ಎರಡ ಏರ್ಪೋರ್ಟ್ ಅದಾವ. ನಾವ ಇಳಿದದ್ದು ಸುವರ್ಣಭೂಮಿ, ವಾಪಸ್ ವಿಮಾನ ಇದ್ದದ್ದು ಡಾನ್ ಮುಯಾಂಗಿಂದ. ಟಿಕೆಟ್ ತಗದ ಏಜೆಂಟ್ ಒಂದ ಮಾತ ಹೇಳಲಿಲ್ಲ, ಟಿಕೆಟ್ ಮ್ಯಾಲೆ ಡಿಎಂಕೆ ಅಂತ ಮೂರ ಅಕ್ಷರ, ಅಷ್ಟ. ಸುವರ್ಣಭೂಮಿ ಕೌಂಟರ್‌ಗೆ ಹೋಗಿ ನಿಂತ ಮ್ಯಾಲೆ ಗೊತ್ತಾತು. ಅಲ್ಲಿಂದ ಟ್ಯಾಕ್ಸಿ, ಟೋಲ್ ರೋಡು, ಅವ್ವ ದಾರಿ ತುಂಬ ನನ್ನ ಕೈ ಹಿಡಕೊಂಡ ಕುಂತಿದ್ಳು. ಕೌಂಟರ್ ಮುಚ್ಚಾಕ ಹತ್ತ ನಿಮಿಷ ಇದ್ದಾಗ ಮುಟ್ಟಿದ್ವಿ. ದಯಮಾಡಿ ಟಿಕೆಟ್ ನೋಡ್ಕೋರಿ: ಬಿಕೆಕೆ ಅಂದ್ರ ಸುವರ್ಣಭೂಮಿ, ಡಿಎಂಕೆ ಅಂದ್ರ ಡಾನ್ ಮುಯಾಂಗ್. ಟಿಕೆಟ್ ತೋರ್ಸಿದ್ರ ಎರಡರ ನಡಕ ಪುಕ್ಕಟ ಬಸ್ ಐತಿ, ಆದ್ರ ಕೈಯಾಗ ಟೈಮ್ ಇರಬೇಕು.

ಸೆಕ್ಯುರಿಟಿಯೊಳಗ ಅವ್ವನ ಚೀಲ ತಗಸಿದ್ರು. ಮಾದಲಿ ಡಬ್ಬಿ ಖಾಲಿ ಆಗಿತ್ತು, ಅದ್ರಾಗ ಅಜ್ಜಿ ಕೊಟ್ಟ ಒಂದ ಕಂಡಿಕಿ ಹಸರ ರೇಷ್ಮಿ. ಅಲ್ಲಿದ್ದ ಹೆಣಮಗಳು ಅದನ್ನ ಬೆಳಕಿಗೆ ಹಿಡದ ನೋಡಿ, ನಕ್ಕು, ತಿರುಗಿ ಡಬ್ಬ್ಯಾಗ ಇಟ್ಳು.

ಮೊನ್ನೆಯಿಂದ ಅವ್ವ ಪಡಸಾಲ್ಯಾಗ ಕೊಂಡಿ ಹಾಕಾಕ ಕುಂತಾಳ. ನೀಲಿ ಹಾಸು, ಕೆಂಪ ಸೆರಗು, ಹೊಕ್ಕಿಗೆ ಆ ಕಂಡಿಕಿ ಹಿಡಕೊಂಡು ಹೋಗಿ ನೂಲಿನ ಅಂಗಡ್ಯಾಗ ಅದ ಹಸರ ಹುಡುಕಿ ತಂದಾಳ. ಅಲ್ಲಿಗೆ ಪೋಸ್ಟ್ ಹೋಗ್ತೈತೇನೋ ತಮ್ಮಾ ಅಂತ ಎರಡ ಸಲ ಕೇಳಿದ್ಳು. ಹೋಗ್ತೈತಿ ಅಂದೀನಿ. ಆ ಹುಡುಗ ಥಾಯ್ ಅಕ್ಷರದಾಗ ಬರದ ಕೊಟ್ಟ ವಿಳಾಸದ ಚೀಟಿ ನನ್ನ ಪಾಕೀಟ್‌ನ್ಯಾಗ ಐತಿ.