ಹಳೆ ಅಡಿಕೆ, ಹೊಸ ಅಡಿಕೆ ಮತ್ತು ನಮ್ಮ ಬಿಬಿಎ ತರಗತಿ

ಕಳೆದ ಜೂನ್‌ನ ಜೋರು ಮಳೆಯ ಒಂದು ದಿನ. ನಮ್ಮ ಕಾಸರಗೋಡು ಜಿಲ್ಲೆಯ ಪೆರ್ಲದ ಕಡೆಯಿಂದ ಮಗಳನ್ನು ಕರೆದುಕೊಂಡು ಬಂದಿದ್ದ ತಂದೆಯೊಬ್ಬರು ಪ್ರವೇಶಾತಿಯ ಮೇಜಿನ ಎದುರು ಕೂತು ಕೇಳಿದರು: “ಟೀಚರೇ, ಇಲ್ಲಿ ನಾಲ್ಕು ವರ್ಷ, ಗಡಿ ದಾಟಿದರೆ ಮೂರೇ ವರ್ಷ. ಆ ಒಂದು ವರ್ಷ ಹೆಚ್ಚಿಗೆ ಕೂತು ಇವಳು ಎಂತ ಕಲಿಯುತ್ತಾಳೆ?”

ಕೇರಳದಲ್ಲಿ 2024ರ ಜುಲೈ 1ರಿಂದ ನಾಲ್ಕು ವರ್ಷದ ಪದವಿ ಶುರುವಾಗಿದೆ. ಮೂರು ವರ್ಷಕ್ಕೆ 133 ಕ್ರೆಡಿಟ್ (ಕಲಿಕೆಯನ್ನು ಅಳೆಯುವ ಅಂಕ) ಮಾಡಿಕೊಂಡು ಪದವಿ ಹಿಡಿದು ಹೊರಡಬಹುದು, ಉಳಿದು 177 ತುಂಬಿಸಿದರೆ ಆನರ್ಸ್. ಕರ್ನಾಟಕ 2021ರಲ್ಲೇ ಆ ದಾರಿ ಹಿಡಿದು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿತು. ಎರಡು ರಾಜ್ಯಗಳ ಗಡಿಯ ತಲಪಾಡಿಯ ಈಚೆ ಒಂದು ಲೆಕ್ಕ, ಆಚೆ ಇನ್ನೊಂದು. ನಾನು ಕ್ರೆಡಿಟ್ ಲೆಕ್ಕವನ್ನೆಲ್ಲ ವಿವರಿಸಿದೆ. ಅವರು ತಲೆಯಾಡಿಸಿದರು. ಆದರೆ ಅವರು ಕೇಳಿದ್ದು ಅದನ್ನಲ್ಲ. ಕಲಿಯುವುದು ಎಂತ ಎಂದು ಕೇಳಿದ್ದರು. ಅದಕ್ಕೆ ಆ ದಿನ ನನ್ನ ಹತ್ತಿರ ಉತ್ತರ ಇರಲಿಲ್ಲ.

ಇರದಿರುವುದಕ್ಕೆ ಕಾರಣ ಅದರ ಹಿಂದಿನ ವರ್ಷ ನಡೆದದ್ದು. ಸಹಕಾರಿ ಮಾರಾಟ ವ್ಯವಸ್ಥೆಯ ಬಗ್ಗೆ ಪ್ರಾಜೆಕ್ಟ್ ಬರೆಯಲು ಹೇಳಿದ್ದೆ. ಬಂದ ವರದಿಗಳು ಒಂದಕ್ಕಿಂತ ಒಂದು ಚಂದ, ಇಂಗ್ಲಿಷ್ ತಪ್ಪಿಲ್ಲ, ಅಂಚು ಕಟ್ಟು ಎಲ್ಲ ಸರಿ. ಸಂತೋಷದಿಂದಲೇ ಅಂಕ ಕೊಟ್ಟೆ. ಆಮೇಲೆ ಒಂದು ದಿನ ವರಾಂಡದಲ್ಲಿ ಸಿಕ್ಕಿದ ಹುಡುಗನನ್ನು ಸುಮ್ಮನೆ ಕೇಳಿದೆ, “ನಿಮ್ಮ ಊರಿನ ಸೊಸೈಟಿಯಲ್ಲಿ ಅಡಿಕೆ ತೂಕ ಮಾಡುವುದು ಯಾರು?” ಅವನಿಗೆ ಗೊತ್ತಿರಲಿಲ್ಲ. ಹದಿನೆಂಟು ಪುಟ ಬರೆದಿದ್ದ. ಸೊಸೈಟಿಯ ಮೆಟ್ಟಿಲು ಹತ್ತಿರಲಿಲ್ಲ. ಅವನನ್ನು ಬೈಯಲು ನನಗೆ ಮನಸ್ಸು ಬರಲಿಲ್ಲ. ಚಾಟ್‌ಜಿಪಿಟಿ ಬಂದದ್ದು 2022ರ ನವೆಂಬರ್‌ನಲ್ಲಿ, ನಾನು ಕೊಡುತ್ತಿದ್ದ ಪ್ರಶ್ನೆ ಅದಕ್ಕಿಂತ ಹತ್ತು ವರ್ಷ ಹಳೆಯದು. ಯಂತ್ರ ಬರೆಯಬಹುದಾದ ಪ್ರಶ್ನೆಯನ್ನೇ ಕೇಳಿದ್ದೆ, ಯಂತ್ರ ಬರೆದ ಉತ್ತರ ಸಿಕ್ಕಿತು.

ಮ್ಯಾನೇಜ್‌ಮೆಂಟ್ ಕಾಲೇಜುಗಳು ಕಾಲಕ್ಕೆ ತಕ್ಕಂತೆ ಬದಲಾಗಬೇಕು ಎಂದು ಎಲ್ಲ ಸೆಮಿನಾರ್‌ಗಳಲ್ಲೂ ಹೇಳುತ್ತಾರೆ. ಬದಲಾವಣೆ ಎಂದರೆ ಹೆಚ್ಚಿನ ಕಡೆ ಹೊಸ ಹೆಸರಿನ ಪೇಪರು: ಅನಲಿಟಿಕ್ಸ್, ಡಿಜಿಟಲ್, ಎಐ. ಬೇಡ ಎನ್ನುವುದಿಲ್ಲ. ಆದರೆ ಆ ಪಾಠ ಕೇಂದ್ರ ಸರಕಾರದ ಆನ್‌ಲೈನ್ ಪಾಠಗಳ ಸ್ವಯಂ ಪೋರ್ಟಲ್‌ನಲ್ಲಿ ನನಗಿಂತ ಚೆನ್ನಾಗಿ ಸಿಗುತ್ತದೆ. ಮನೆಯಲ್ಲೇ ಕೂತು ಆನ್‌ಲೈನ್ ಎಂಬಿಎಯನ್ನೂ ಮಾಡಬಹುದು. ಹಾಗಿದ್ದ ಮೇಲೆ ನೀರ್ಚಾಲಿನಿಂದ, ಉಪ್ಪಳದಿಂದ ಎರಡು ಬಸ್ ಬದಲಿಸಿ ಮಕ್ಕಳು ನಮ್ಮ ತರಗತಿಗೆ ಯಾಕೆ ಬರಬೇಕು? ಬೇರೆಲ್ಲೂ ಸಿಗದ್ದು ಇಲ್ಲಿ ಸಿಕ್ಕಿದರೆ ಮಾತ್ರ ಬರಬೇಕು.

ಅದು ಎಂತ ಎಂದು ನನಗೆ ತೋರಿಸಿದ್ದು ಅಡಿಕೆ.

ದಾಸ್ತಾನು ನಿರ್ವಹಣೆಯ ಪಾಠ. ವರ್ಷವೂ ಅಮೆರಿಕದ ಒಂದು ಸೂಪರ್‌ಮಾರ್ಕೆಟ್ ಸರಣಿಯ ಉದಾಹರಣೆ ಹೇಳುತ್ತಿದ್ದೆ. ಈ ಸಲ ಬೋರ್ಡಿನಲ್ಲಿ ಒಂದೇ ವಾಕ್ಯ ಬರೆದೆ: “ಮನೆಯಲ್ಲಿ ಹತ್ತು ಕ್ವಿಂಟಾಲ್ ಹೊಸ ಚಾಲಿ ಇದೆ. ಈಗ ಮಾರುವುದೋ, ಇಟ್ಟು ಹಳತು ಮಾಡಿ ಮಾರುವುದೋ?” ಗೊತ್ತಿಲ್ಲದವರಿಗೆ ಹೇಳುವುದಾದರೆ, ಹಣ್ಣಡಿಕೆಯನ್ನು ಅಂಗಳದಲ್ಲಿ ನಲುವತ್ತು, ನಲುವತ್ತೈದು ದಿನ ಒಣಗಿಸಿ ಸುಲಿದರೆ ಚಾಲಿ. ಒಂದು ಮಳೆಗಾಲ ದಾಟಿಸಿ ಇಟ್ಟರೆ ಅದು ಹಳತು, ಸಾಮಾನ್ಯವಾಗಿ ಅದಕ್ಕೆ ಬೆಲೆ ಹೆಚ್ಚು.

ಮೂರು ವರ್ಷ ತುಟಿ ಬಿಚ್ಚದೆ ಹಿಂದಿನ ಬೆಂಚಿನಲ್ಲಿ ಕೂತಿದ್ದ ಮುಳ್ಳೇರಿಯದ ಹುಡುಗಿ ಎದ್ದು ನಿಂತಳು. ಶುರು ಮಾಡಿದ್ದು ಇಂಗ್ಲಿಷ್‌ನಲ್ಲಿ, ಎರಡನೆಯ ವಾಕ್ಯಕ್ಕೆ ತಡವರಿಸಿದಳು. “ಕನ್ನಡದಲ್ಲೇ ಹೇಳು” ಎಂದೆ. ಆಮೇಲೆ ಅವಳನ್ನು ನಿಲ್ಲಿಸಲಾಗಲಿಲ್ಲ. ಇಟ್ಟರೆ ತೂಕ ಇಳಿಯುತ್ತದೆ, ಮಳೆಗಾಲದಲ್ಲಿ ಬೂಸ್ಟು ಹಿಡಿಯುವ ಭಯ, ಹುಳ ಕುಟ್ಟುವ ಭಯ. ಸುಲಿಯುವವರ ಕೂಲಿಯನ್ನು ಈಗಲೇ ಕೊಡಬೇಕು, ಅದಕ್ಕೆ ಚಿನ್ನ ಅಡವಿಟ್ಟರೆ ಬಡ್ಡಿ. ಬೆಲೆಯ ವ್ಯತ್ಯಾಸ ಆ ಬಡ್ಡಿಯನ್ನೂ ತೂಕದ ನಷ್ಟವನ್ನೂ ಮೀರಿದರೆ ಮಾತ್ರ ಇಡುವುದು. “ನಮ್ಮ ಅಜ್ಜ ಅರ್ಧ ಮಾರ್ತಾರೆ, ಅರ್ಧ ಇಡ್ತಾರೆ. ಯಾವತ್ತೂ ಹಾಗೆಯೇ” ಎಂದಳು. ಬಂಡವಾಳದ ವೆಚ್ಚ, ದಾಸ್ತಾನು ವೆಚ್ಚ, ಅಪಾಯ ಹಂಚಿಕೆ, ಮೂರು ಅಧ್ಯಾಯದ ಸರಕು ಅವಳ ಅಜ್ಜನ ಕೈಯಲ್ಲಿತ್ತು. ಸೂತ್ರವನ್ನು ನಾನು ಆಮೇಲೆ ಬರೆದೆ. ಅವತ್ತು ಯಾರೂ ಅದನ್ನು ಉರು ಹೊಡೆಯಬೇಕಾಗಿ ಬರಲಿಲ್ಲ.

ಮನೆಗೆ ಹೋದ ಮೇಲೂ ಅದೇ ತಲೆಯಲ್ಲಿ ಓಡುತ್ತಿತ್ತು. ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಬಂದ ಮಕ್ಕಳು ನಮ್ಮಲ್ಲಿ ಎಷ್ಟು ಮಂದಿ! ಮನೆಯಲ್ಲಿ ತುಳುವೋ ಹವಿಗನ್ನಡವೋ ಬ್ಯಾರಿಯೋ, ಪೇಟೆಯಲ್ಲಿ ಮಲಯಾಳ, ಲೆಕ್ಕದ ಪುಸ್ತಕ ಕನ್ನಡದಲ್ಲಿ. ನಾಲ್ಕು ಭಾಷೆಯಲ್ಲಿ ಚೌಕಾಸಿ ಮಾಡಬಲ್ಲ ಮಕ್ಕಳನ್ನು ಒಂದು ಭಾಷೆಯ ಪರೀಕ್ಷೆ ಮೂಗರನ್ನಾಗಿ ಮಾಡುತ್ತದೆ. ವಿಶ್ವವಿದ್ಯಾಲಯದ ಪರೀಕ್ಷೆಯನ್ನು ಬದಲಿಸುವುದು ನನ್ನ ಕೈಯಲ್ಲಿಲ್ಲ. ಆಂತರಿಕ ಮೌಲ್ಯಮಾಪನ ಇದೆ. ಅದನ್ನು ಈಗ ಹೆಚ್ಚಾಗಿ ಬಾಯಿಮಾತಿನಲ್ಲೇ ಮಾಡುತ್ತೇನೆ, ಒಬ್ಬೊಬ್ಬರಿಗೆ ಹತ್ತು ನಿಮಿಷ, ಬೇಕಾದ ಭಾಷೆಯಲ್ಲಿ. ಇಂಗ್ಲಿಷ್ ವರದಿ ಆಮೇಲೆ. ಅದಕ್ಕೆ ಎಐ ಸಹಾಯ ತೆಗೆದುಕೊಂಡರೆ ನನ್ನ ಅಭ್ಯಂತರವಿಲ್ಲ, ಹೇಳುವ ವಿಷಯ ಅವರದಾಗಿರಬೇಕು ಅಷ್ಟೆ.

ಓದಲು ನಮ್ಮ ಸುತ್ತ ಎಷ್ಟೊಂದು ಇದೆ! 1970ರಲ್ಲಿ ಅಡಿಕೆ ಬೆಲೆ ನೆಲ ಕಚ್ಚಿದಾಗ ವಾರಣಾಶಿ ಸುಬ್ರಾಯ ಭಟ್ಟರು ಎರಡೂ ರಾಜ್ಯಗಳ ಬೆಳೆಗಾರರನ್ನು ಒಟ್ಟು ಮಾಡಿ 1973ರಲ್ಲಿ ಕ್ಯಾಂಪ್ಕೊ ಎಂಬ ಸಹಕಾರಿ ಸಂಸ್ಥೆ ಕಟ್ಟಿದರು. ಮುಂದೆ ಅದೇ ಸಂಸ್ಥೆ ಕೊಕ್ಕೊಗೂ ಕೈ ಹಾಕಿ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆಯಿತು. ಗಡಿಯನ್ನು ಲೆಕ್ಕಿಸದೆ ವ್ಯವಹಾರ ಕಟ್ಟುವುದು ಹೇಗೆ ಎಂಬುದಕ್ಕೆ ಅಮೆರಿಕದ ಬಾಸ್ಟನ್ನಿನ ಬಿಸಿನೆಸ್ ಸ್ಕೂಲಿನ ಕೇಸ್ ಯಾಕೆ ಬೇಕು? ಮಕ್ಕಳು ದಿನಾ ಬಸ್ಸಿನಲ್ಲಿ ಬರುವ ಹೆದ್ದಾರಿ 66ನ್ನೇ ನೋಡಿ. ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರ್ ಅಗಲ ಮಾಡಿದ್ದು ಊರಾಳುಂಗಲ್ ಕಾರ್ಮಿಕರ ಸಹಕಾರಿ ಸಂಘ, 1925ರಲ್ಲಿ ಹುಟ್ಟಿದ್ದು. ಕೂಲಿಯವರೇ ಮಾಲೀಕರಾದ ಸಂಘವೊಂದು ದೊಡ್ಡ ಕಂಪನಿಗಳ ಜೊತೆ ಸ್ಪರ್ಧಿಸಿ ಹೆದ್ದಾರಿ ಕಟ್ಟುತ್ತದೆ. ಸಂಘಟನಾ ವರ್ತನೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ.

ಒಂದು ನೋವಿದೆ, ಹೇಳಿಬಿಡುತ್ತೇನೆ. ನಾನು ಹಿಂದೆ ಇದ್ದ ಕಾಲೇಜೊಂದರಲ್ಲಿ ಮಕ್ಕಳನ್ನು ಮಾರುಕಟ್ಟೆಗೆ ಕರೆದುಕೊಂಡು ಹೋದ ದಿನ ನನ್ನ ಹೆಸರಿನ ಎದುರು ರಜೆ ಎಂದು ಬರೆದಿದ್ದರು. ನಾಲ್ಕು ಗೋಡೆಯೊಳಗೆ ನಿಂತರೆ ಮಾತ್ರ ಪಾಠ ಎಂದು ಲೆಕ್ಕ. ಈಗ ಇಂಟರ್ನ್‌ಶಿಪ್ ಕಡ್ಡಾಯ ಎಂದು ಆದೇಶ ಬಂದಿದೆ, ಒಳ್ಳೆಯದೇ. ಆದರೆ ಜೊತೆಗೆ ಹೋಗಿ ನೋಡುವ ಅಧ್ಯಾಪಕರ ಸಮಯವನ್ನು ಕೆಲಸ ಎಂದು ಎಣಿಸದಿದ್ದರೆ ಅದು ಗುರುತಿನ ಅಂಗಡಿಯವರಿಂದ ತಂದ ಒಂದು ಸರ್ಟಿಫಿಕೇಟ್ ಆಗಿ ಮುಗಿಯುತ್ತದೆ. ವಿದ್ಯಾರ್ಥಿಯೂ ಕಲಿಯುವುದಿಲ್ಲ, ಅಂಗಡಿಗೂ ಉಪಕಾರವಿಲ್ಲ. ಕಾಲೇಜುಗಳ ಆಡಳಿತದವರಲ್ಲಿ ನಾನು ಕೇಳುವುದು ಇದೊಂದನ್ನೇ. ಹೊಸ ಕಟ್ಟಡ, ಸ್ಮಾರ್ಟ್ ಬೋರ್ಡ್ ಎಲ್ಲ ಆಮೇಲೆ ಬರಲಿ.

ಪೆರ್ಲದ ಆ ಹುಡುಗಿ ನಮ್ಮಲ್ಲಿಗೇ ಸೇರಿದ್ದಾಳೆ. ನಾಲ್ಕನೆಯ ವರ್ಷಕ್ಕೆ ಇರುತ್ತಾಳೋ ಇಲ್ಲವೋ ಈಗಲೇ ಹೇಳಲಾಗದು. ಇದ್ದರೆ ಅವಳ ಪ್ರಾಜೆಕ್ಟ್‌ಗೆ ಊರಿನ ಒಂದು ಸೊಸೈಟಿಯ ಐದು ವರ್ಷದ ಲೆಕ್ಕ ಕೊಡಿಸಬೇಕೆಂದು ಅಲ್ಲಿನ ಕಾರ್ಯದರ್ಶಿಯ ಹತ್ತಿರ ಮಾತಾಡಿಟ್ಟಿದ್ದೇನೆ. ಅವರು ಒಪ್ಪಿದ್ದಾರೆ, ಅವಳು ಮುಗಿಸಿದ ಮೇಲೆ ಸೊಸೈಟಿಯ ಮಹಾಸಭೆಯಲ್ಲಿ ಕನ್ನಡದಲ್ಲಿ ವಿವರಿಸಬೇಕೆಂಬ ಷರತ್ತಿನ ಮೇಲೆ.

ಈಗ ಫೆಬ್ರವರಿ, ಎಲ್ಲರ ಅಂಗಳದಲ್ಲೂ ಅಡಿಕೆ. ಈ ಶನಿವಾರ ಬೆಳಗ್ಗೆ ಏಳೂವರೆಗೆ ಹನ್ನೊಂದು ಮಕ್ಕಳು ಬದಿಯಡ್ಕದ ಬಸ್ ನಿಲ್ದಾಣದಲ್ಲಿ ಸೇರುತ್ತಾರೆ. ಅಡಿಕೆಯ ಕೆಳದರ್ಜೆಗಳಾದ ಪಟೋರ, ಉಳ್ಳಿ, ಕರಿಗೋಟು ಬೇರೆ ಮಾಡುವುದನ್ನು ಕೈಯಲ್ಲಿ ಹಿಡಿದು ಕಲಿಯಲು ಹೋಗುವುದು. ಮುಳ್ಳೇರಿಯದ ಅಜ್ಜನೂ ಬರುತ್ತೇನೆಂದಿದ್ದಾರೆ.