ರಿಕೆಲ್ಮೆಗೆ ಅವಸರ ಅನ್ನೋದೇ ಇರಲಿಲ್ಲ

ಮಂಡ್ಯದ ನಮ್ಮ ಬೀದೀಲಿ ಫುಟ್‌ಬಾಲ್ ಅಂದ್ರೆ ಮೆಸ್ಸಿ, ಅಷ್ಟಕ್ಕೆ ಮುಗೀತು. ಅರ್ಜೆಂಟೀನಾದ ಆಟಗಾರ ಹುವಾನ್ ರೋಮನ್ ರಿಕೆಲ್ಮೆ ಅಂದ್ರೆ ನನ್ನ ತಮ್ಮ 'ಅದ್ಯಾರಣ್ಣ?' ಅಂತಾನೆ. ಅವನಿಗೆ ನಾನು ಹಾಕಿ ತೋರಿಸೋದು 2000ದ ಟೋಕಿಯೊ ಪಂದ್ಯ: ರಿಕೆಲ್ಮೆಯ ಅರ್ಜೆಂಟೀನಾ ಕ್ಲಬ್ ಬೋಕಾ ಜೂನಿಯರ್ಸ್, ಎದುರಿಗೆ ರಿಯಲ್ ಮ್ಯಾಡ್ರಿಡ್. ರಿಕೆಲ್ಮೆ ತನ್ನ ಅರ್ಧದಲ್ಲೇ ನಿಂತು ಒಂದು ಉದ್ದನೆಯ ಪಾಸ್. ಜೊತೆಗಾರ ಪಲೆರ್ಮೊ ಓಡಿದ, ಗೋಲು. ಕೊನೆಗೆ ಪಂದ್ಯ ಬೋಕಾದ್ದೇ, 2-1. ಆ ಗೋಲಾದ ಮೇಲೆ ಮ್ಯಾಡ್ರಿಡ್‌ನವರು ಬೆನ್ನಿಗೆ ಬಿದ್ದರೂ ಚೆಂಡು ಸಿಗಲ್ಲ. ಅಂಗಾಲಲ್ಲಿ ಒತ್ತಿ ಹಿಡಿದು, ಸೊಂಟ ಅಡ್ಡ ಕೊಟ್ಟು ನಿಂತುಬಿಡ್ತಾನೆ. ವಿ.ಸಿ. ನಾಲೆ ನೀರಿನಂಥ ನಡಿಗೆ, ಆದ್ರೆ ತಡೆಯೋಕೆ ಹೋಗಿ ನೋಡಿ!

ಬಾರ್ಸಿಲೋನಾದಲ್ಲಿ ಕೋಚ್ ವ್ಯಾನ್ ಹಾಲ್ ಅವನನ್ನ ಮೈದಾನದ ಅಂಚಿಗೆ, ಅಂದ್ರೆ ವಿಂಗ್‌ಗೆ ತಳ್ಳಿದ್ರು. ದಂಡ.

ಅಲ್ಲಿಂದ ಹೋದ ಸ್ಪೇನಿನ ವಿಯ್ಯಾರಿಯಲ್ ಕಥೆ ಬೇರೆ. ಮಂಡ್ಯಕ್ಕಿಂತ ಸಣ್ಣ ಊರು ಅದು. ಆ ಊರಿನ ತಂಡ 2006ರಲ್ಲಿ ಯುರೋಪಿನ ದೊಡ್ಡ ಕ್ಲಬ್ ಟೂರ್ನಿ ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ಗೆ ಬಂತು. ಆರ್ಸೆನಲ್ ವಿರುದ್ಧ ಕೊನೇ ಗಳಿಗೆಯಲ್ಲಿ ರಿಕೆಲ್ಮೆ ಹೊಡೆದ ಪೆನಾಲ್ಟಿ, ಅವರ ಗೋಲ್‌ಕೀಪರ್ ಲೇಮನ್ ತಡೆದುಬಿಟ್ಟ. ಜನಕ್ಕೆ ನೆನಪಿರೋದು ಅದೊಂದೇ, ನನಗೆ ಉರಿಯೋದೂ ಅಲ್ಲೇ. ಮರುವರ್ಷವೇ ಬೋಕಾಗೆ ವಾಪಸ್ ಬಂದು, ದಕ್ಷಿಣ ಅಮೆರಿಕದ ಕ್ಲಬ್ ಟೂರ್ನಿ ಲಿಬರ್ಟಡೋರೆಸ್ ಫೈನಲ್‌ನ ಎರಡು ಪಂದ್ಯ ಸೇರಿ ಬ್ರೆಜಿಲ್‌ನ ಗ್ರೇಮಿಯೋ ಮೇಲೆ ಬಿದ್ದ 5 ಗೋಲಲ್ಲಿ 3 ಇವನದೇ!

2023ರಲ್ಲಿ ಬೋಕಾ ಅಧ್ಯಕ್ಷನೂ ಆದ. ಆ ಕುರ್ಚಿ ರಾಜಕೀಯ ನನಗೆ ಬೇಡ, ಆಟ ಸಾಕು.