ಮೈಸ್ಟರ್ ರಜೆಗೆ ಹೋದಾಗ

ಜರ್ಮನಿಗೆ ಬಂದು ಆರು ವರ್ಷವಾಯಿತು. ಸ್ಟುಟ್‌ಗಾರ್ಟ್ ಹತ್ತಿರದ ಒಂದು ಯಂತ್ರ ಕಾರ್ಖಾನೆಯಲ್ಲಿ ನನ್ನದು ಪ್ಲಾನಿಂಗ್ ಕೆಲಸ. ದಿನಾ ಬೆಳಿಗ್ಗೆ ಶಾಪ್ ಫ್ಲೋರ್‌ಗೆ ಇಳಿಯಲೇಬೇಕು. ಅಲ್ಲಿ ಪ್ರತಿ ವಿಭಾಗಕ್ಕೂ ಒಬ್ಬ ಮೈಸ್ಟರ್, ಅಂದರೆ ಕೆಲಸ ಹಂಚುವ, ಕಲಿಸುವ ಮುಖ್ಯಸ್ಥರು, ಇರುತ್ತಾರೆ. ಆ ಪದ ಕೇಳಿದರೆ ನಮ್ಮ ಮೇಷ್ಟ್ರು ನೆನಪಾಗುತ್ತಾರೆ, ಅಲ್ವಾ? ಕೆಲಸವೂ ಹೆಚ್ಚುಕಡಿಮೆ ಅದೇ.

ಮೊದಲ ವರ್ಷದ ಆಗಸ್ಟ್‌ನಲ್ಲಿ ಆರ್ಡರ್‌ಗಳು ಕುತ್ತಿಗೆ ಮಟ್ಟಕ್ಕೆ ಬಂದಿದ್ದವು. ಅಂಥ ಹೊತ್ತಿನಲ್ಲಿ ನಮ್ಮ ಮೈಸ್ಟರ್ ಮೂರು ವಾರ ರಜೆ ಹಾಕಿದರು. ಆಫೀಸ್ ಫೋನನ್ನು ಡ್ರಾಯರ್‌ನಲ್ಲಿಟ್ಟು, ಬೀಗ ಹಾಕಿ ಹೊರಟೇಬಿಟ್ಟರು. ನನಗೆ ಕೈಕಾಲು ಆಡಲಿಲ್ಲ. ಉಳಿದವರು ಮಾತ್ರ ಆರಾಮಾಗಿದ್ದರು. ಇಪ್ಪತ್ತೇಳು ವರ್ಷದ ಒಬ್ಬಳು ಹುಡುಗಿ ಬೋರ್ಡ್ ಮುಂದೆ ನಿಂತು ಶಿಫ್ಟ್ ಹಂಚತೊಡಗಿದಳು. ಆಕೆಯೇ ಮೈಸ್ಟರ್‌ನ ಬದಲಿ.

ಇಲ್ಲಿನ ರಜೆ ಕಾನೂನು 1963ರದು. ವಾರಕ್ಕೆ ಐದು ದಿನ ದುಡಿಯುವವರಿಗೆ ವರ್ಷಕ್ಕೆ ಕನಿಷ್ಠ 20 ದಿನ ರಜೆ ಕೊಡಲೇಬೇಕು. ರಜೆಯನ್ನು ತುಂಡು ಮಾಡಿದರೂ ಒಂದು ತುಂಡು ಕನಿಷ್ಠ ಎರಡು ವಾರ ಸತತವಾಗಿ ಇರಬೇಕು. ಕಾನೂನು ಮಾಡಿದ್ದು ವಿಶ್ರಾಂತಿಗಾಗಿ. ಆದರೆ ಎಲ್ಲರೂ ವರ್ಷಕ್ಕೊಮ್ಮೆ ಎರಡು ವಾರ ಕಾಣೆಯಾಗುತ್ತಾರೆ ಅಂದಮೇಲೆ, ಆ ಎರಡು ವಾರ ನಡೆಸುವವರನ್ನು ಮೊದಲೇ ತಯಾರು ಮಾಡಿರಬೇಕಲ್ಲ. ಮುಂದಿನ ನಾಯಕರು ಇಲ್ಲಿ ಹುಟ್ಟುವುದು ಹೀಗೇ ಅಂತ ನನಗೆ ನಿಧಾನವಾಗಿ ಅರ್ಥವಾಯಿತು.

ಆ ತಯಾರಿಯನ್ನೂ ಒಮ್ಮೆ ಹತ್ತಿರದಿಂದ ನೋಡಿದೆ. ಅದರ ಮರುವರ್ಷದ ಮಾರ್ಚ್, ಬೆಳಿಗ್ಗೆ ಆರಕ್ಕೆ ಇನ್ನೂ ಹತ್ತು ನಿಮಿಷ. ಬೋರ್ಡ್ ಮುಂದೆ ಆಕೆ. ಹಿಂದೆ ಜೇಬಿನಲ್ಲಿ ಕೈಯಿಟ್ಟುಕೊಂಡು ಮೈಸ್ಟರ್. ಅನುಭವಿ ಕೆಲಸಗಾರನನ್ನು ಆಕೆ ಬೇರೆ ಮೆಷಿನ್‌ಗೆ ಹಾಕಿದಳು. ಅರ್ಜೆಂಟ್ ಕೆಲಸದ ಮೆಷಿನ್‌ನಲ್ಲಿ ಸೆಟಿಂಗ್ ಗೊತ್ತಿರುವವರು ಯಾರೂ ಉಳಿಯಲಿಲ್ಲ. ನಾನು ಬಾಯಿ ತೆರೆಯುವುದರಲ್ಲಿದ್ದೆ. ಮೈಸ್ಟರ್ ನನ್ನ ತೋಳು ಮುಟ್ಟಿ, ಬೇಡ ಅಂತ ತಲೆಯಾಡಿಸಿದರು.

ನಲವತ್ತು ನಿಮಿಷ ಹೋಯಿತು. ಆಕೆಯೇ ಓಡಿ ಬಂದು ಇಬ್ಬರನ್ನೂ ಅದಲುಬದಲು ಮಾಡಿದಳು. ಕಾಫಿ ಹೊತ್ತಿಗೆ ಮೈಸ್ಟರ್ ಕೇಳಿದ್ದು ಒಂದೇ ಪ್ರಶ್ನೆ: "ನಿನಗೆ ಯಾವಾಗ ಗೊತ್ತಾಯ್ತು?" ಯಾಕೆ ಹಾಗೆ ಮಾಡಿದೆ ಅಂತ ಕೇಳಲಿಲ್ಲ. ಅಂದಿನ ರಿಪೋರ್ಟ್‌ನಲ್ಲಿ ಆ ನಲವತ್ತು ನಿಮಿಷದ ತಡವನ್ನು ತಮ್ಮ ಹೆಸರಿಗೇ ಬರೆದುಕೊಂಡರು. ಅದನ್ನು ನೋಡಿ ನನಗೆ ಗಂಟಲು ಕಟ್ಟಿತು.

ಯಾಕೆಂದರೆ ಹಿಂದಿನ ಒಂದು ಕಂಪನಿಯಲ್ಲಿ ನನ್ನನ್ನು ರಾತ್ರೋರಾತ್ರಿ ಟೀಮ್ ಲೀಡ್ ಮಾಡಿದ್ದರು. ಕೆಲಸ ಬೇಗ ಮುಗಿಸುತ್ತೇನೆ ಅನ್ನುವುದಷ್ಟೇ ಕಾರಣ. ಜನರನ್ನು ನೋಡಿಕೊಳ್ಳುವುದು ಹೇಗೆ ಅಂತ ಯಾರೂ ಹೇಳಿಕೊಡಲಿಲ್ಲ. ಹುಡುಗರು ತಪ್ಪು ಮಾಡಿದರೆ ನಾನೇ ಕಿತ್ತುಕೊಂಡು ಮಾಡಿಬಿಡುತ್ತಿದ್ದೆ. ಎಂಟು ತಿಂಗಳಲ್ಲಿ ಇಬ್ಬರು ಬಿಟ್ಟು ಹೋದರು. ಒಳ್ಳೆಯ ಹುಡುಗರು ಅವರು. ಈಗಲೂ ನೆನಪಾಗುತ್ತಾರೆ.

ಇಲ್ಲಿ ಮೈಸ್ಟರ್ ಆಗಬೇಕಾದರೆ ಕಲಿಸುವುದಕ್ಕೂ ಪರೀಕ್ಷೆ ಇದೆ. ಮೊದಲು ಮೂರೂವರೆ ವರ್ಷ ಕಾರ್ಖಾನೆ ಮತ್ತು ವೃತ್ತಿಶಾಲೆ ಎರಡರಲ್ಲೂ ಕಲಿತು ಮೆಕ್ಯಾನಿಕ್ ಆಗಬೇಕು. ಆಮೇಲೆ ಕೆಲಸದ ಅನುಭವ. ಕೊನೆಗೆ ಮೈಸ್ಟರ್ ಪರೀಕ್ಷೆ. ಪರೀಕ್ಷಕರ ಮುಂದೆ ಒಂದು ಕೆಲಸವನ್ನು ಕಲಿಸಿ ತೋರಿಸಬೇಕು, ಇಲ್ಲವೇ ಹೇಗೆ ಕಲಿಸುತ್ತೇನೆ ಅಂತ ವಿವರಿಸಬೇಕು. ಅದಕ್ಕೆ ನಾಲ್ಕು ಹೆಜ್ಜೆಯ ಹಳೇ ಪದ್ಧತಿಯೊಂದಿದೆ: ಮನಸ್ಸು ಸಿದ್ಧಮಾಡು, ಮಾಡಿ ತೋರಿಸು, ಅವರಿಂದ ಮಾಡಿಸು, ಅಭ್ಯಾಸಕ್ಕೆ ಬಿಡು. ಮೂರನೆಯದೇ ಕಷ್ಟ. ಕೈ ಸುಮ್ನೆ ಇರುವುದಿಲ್ಲ, ನೋಡಿ. 2003ರಲ್ಲಿ ತರಬೇತುದಾರರಿಗೆ ಈ ಕಲಿಸುವ ಪರೀಕ್ಷೆಯ ಕಡ್ಡಾಯವನ್ನು ಸಡಿಲಿಸಿದ್ದರು. 2009ರಲ್ಲಿ ಮತ್ತೆ ತಂದರು. ಸರಿಯಾದ ನಿರ್ಧಾರ ಅಂತಲೇ ನನ್ನ ಅಭಿಪ್ರಾಯ.

ಎಲ್ಲ ಕಡೆ ಹೀಗೇ ಇದೆ ಅನ್ನಲಾರೆ. ಮೇಲಿನ ಮಹಡಿಯಲ್ಲಿ ಕೂರುವ ನಮ್ಮಂಥ ಎಂಜಿನಿಯರ್‌ಗಳಿಗೆ ಇಂಥ ಪರೀಕ್ಷೆ ಯಾವುದೂ ಇಲ್ಲ. ಚೆನ್ನಾಗಿ ಲೆಕ್ಕ ಮಾಡುವವರನ್ನು ಇಲ್ಲೂ ಸೀದಾ ಮ್ಯಾನೇಜರ್ ಮಾಡುವುದುಂಟು. ಹಾಗಾಗಿ ನಾನು ಕಲಿತದ್ದೆಲ್ಲ ಕೆಳಗಿನ ಶಾಪ್ ಫ್ಲೋರ್‌ನಿಂದಲೇ.

ಮುಂದಿನ ತಿಂಗಳು ನನ್ನದೂ ಮೂರು ವಾರ ರಜೆ. ಎರಡು ವರ್ಷದ ಹಿಂದೆ ಸೇರಿದ ಹುಡುಗನೊಬ್ಬ ನನ್ನ ಮೀಟಿಂಗ್‌ಗಳನ್ನು ನಡೆಸಬೇಕು. ಈಗಿನಿಂದಲೇ ವಾರಕ್ಕೆ ಎರಡು ಮೀಟಿಂಗ್ ಅವನಿಗೆ ಬಿಟ್ಟಿದ್ದೇನೆ. ನಿನ್ನೆ ಒಂದು ಬಿಡಿಭಾಗ ತಡವಾಗಿ ಬರುವ ವಿಷಯವನ್ನೇ ಅವನು ಎತ್ತಲಿಲ್ಲ. ನಾನು ಮೇಜಿನ ಕೆಳಗೆ ಕೈ ಕಟ್ಟಿಕೊಂಡು ಕೂತೆ. ಮಧ್ಯಾಹ್ನ ನನ್ನ ಹತ್ತಿರ ಬಂದು, ಆ ವಿಷಯ ಬಿಟ್ಟುಹೋಯಿತು ಅಂತ ಅವನೇ ಹೇಳಿದ.

"ಯಾವಾಗ ಗೊತ್ತಾಯ್ತು?" ಅಂದೆ.

"ಹನ್ನೊಂದೂವರೆಗೆ. ಬಿಡಿಭಾಗ ಕಳಿಸುವವರಿಗೆ ಆಗಲೇ ಫೋನ್ ಮಾಡಿ ಆಯ್ತು."